ಫರಸಿಯ ಮೇಲೆ ಬರೆದ ಕಾರು

ಗುಜರಿಯವನು ಚಿತ್ತಾಪುರದ ನಮ್ಮ ಮನೆಯ ಬಾಗಿಲಿಗೆ ಸಾಮಾನು ಹೇರುವ ಟಂಟಂ ಆಟೋ ತಂದು ನಿಲ್ಲಿಸಿದ ದಿನ ಶಾಲೆಯಲ್ಲಿ ಪರೀಕ್ಷೆಯ ಕೆಲಸ ಮಧ್ಯಾಹ್ನಕ್ಕೇ ಮುಗಿದಿತ್ತು. ಓಣಿಯಲ್ಲಿ ಸ್ಕೂಟರ್ ತಿರುಗಿಸುವಾಗಲೇ ನನಗೆ ಎಲ್ಲ ಕಂಡಿತು. ಗುಜರಿಯವನೂ ಅವನ ಜೊತೆಗಾರನೂ ನಮ್ಮ ಹಿತ್ತಲ ಶೆಡ್ಡಿನಿಂದ ಜೀಪಿನ ಮುಂದಿನ ಅಚ್ಚನ್ನು ಹೊತ್ತು ತರುತ್ತಿದ್ದರು. ನಮ್ಮ ಮನೆಯವರು ಕಟ್ಟೆಯ ಮೇಲೆ ಕೂತು ಬೇರೆ ಕಡೆ ಮುಖ ಮಾಡಿದ್ದರು.

ನಮ್ಮ ಮನೆಯವರು ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಫಿಟ್ಟರ್ ಆಗಿದ್ದವರು. ನಿವೃತ್ತಿಯಾಗುವ ಹೊತ್ತಿಗೆ ಎದೆನೋವು ಕಾಣಿಸಿಕೊಂಡು, ಕಲಬುರಗಿಯ ಆಸ್ಪತ್ರೆಯಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿದರು. ಡಾಕ್ಟರು ಬಿಟ್ಟು ಕಳಿಸುವಾಗ ಭಾರ ಎತ್ತಬಾರದು ಎಂದು ಒತ್ತಿ ಹೇಳಿದ್ದರು. ನಡೆಯಬಹುದು, ಊಟಕ್ಕೆ ಖಾರ ಕಡಿಮೆ ಮಾಡಬೇಕು, ಬೀಡಿ ಬಿಡಬೇಕು ಎಂಬುದೆಲ್ಲ ಇವರಿಗೆ ದೊಡ್ಡ ಮಾತೇ ಆಗಿರಲಿಲ್ಲ. ಭಾರ ಎತ್ತಬಾರದು ಎಂದಿದ್ದು ಮಾತ್ರ ಇವರ ಮೈಮೇಲೆ ಭಾರ ಹೇರಿದಂತೆ ಕೂತಿತ್ತು. ಯಾಕೆಂದರೆ ಮದುವೆಯಾದಾಗಿನಿಂದ ಇವರು ಕೂಡಿಹಾಕಿದ್ದೆಲ್ಲ ಭಾರದ ಸಾಮಾನೇ.

ಶೆಡ್ಡಿನಲ್ಲಿ ಏನಿರಲಿಲ್ಲ? ಸೇಡಂನಲ್ಲಿ ಸರಕಾರಿ ಜೀಪೊಂದು ಹರಾಜಾದಾಗ ತಂದ ಡೀಸೆಲ್ ಎಂಜಿನ್ನು, ಅದರ ಗೇರ್‌ಬಾಕ್ಸು, ಗಾಡಿಯ ಅಡಿಗಟ್ಟಾದ ಕಬ್ಬಿಣದ ಚಾಸಿ. ತೂತುಬಿದ್ದು ಬೆಸುಗೆ ಹಾಕಿಸಿಕೊಂಡ ರೇಡಿಯೇಟರು. ಒಂದಕ್ಕೊಂದು ಜೋಡಿಯಾಗದ ಎರಡು ದುಂಡನೆಯ ಹೆಡ್‌ಲೈಟು. ಒಂದು ಕಾಲಕ್ಕೆ ಲಾರಿಯಲ್ಲಿದ್ದ ಸ್ಟೇರಿಂಗ್ ಚಕ್ರ ಮಂಚದ ಕೆಳಗಿತ್ತು. ರಬ್ಬರ್ ಬುಗ್ಗೆ ಒತ್ತಿದರೆ ಕೂಗುವ ಹಿತ್ತಾಳೆ ಹಾರ್ನು ಅಡುಗೆಮನೆಯ ಅಟ್ಟದ ಮೇಲೆ, ಬೆಲ್ಲದ ಡಬ್ಬಿಯ ಪಕ್ಕದಲ್ಲಿತ್ತು. ಅದನ್ನು ಅಲ್ಲಿಂದ ತೆಗೆಯಿರಿ ಎಂದು ನಾನು ಹೇಳಿದಾಗಲೆಲ್ಲ ತೆಗೆಯುತ್ತೇನೆ ಎನ್ನುತ್ತಿದ್ದರು. ಆಮೇಲೆ ಅದನ್ನು ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದರು.

ಇದೆಲ್ಲದರ ಹಿಂದೆ ಒಂದು ಚಿತ್ರವಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ವಾಡಿಯ ಕ್ವಾರ್ಟರ್ಸಿನಲ್ಲಿ ಯಾರೋ ಕೊಟ್ಟ ಹಳೆಯ ವಿದೇಶಿ ಪತ್ರಿಕೆಯೊಂದರಲ್ಲಿ ಇವರು ಆ ಕಾರನ್ನು ನೋಡಿದ್ದರಂತೆ. ಮುಂದಿನ ಬಾನೆಟ್ಟಿಲ್ಲ, ಚಕ್ರಗಳ ಮೇಲೆ ಮಡ್‌ಗಾರ್ಡಿಲ್ಲ, ಎಂಜಿನ್ನು ಬಯಲಿಗೆ ಬಿದ್ದು ಹೊಳೆಯುತ್ತಿದೆ, ಚಾವಣಿ ತಗ್ಗಾಗಿ ಇಡೀ ಕಾರು ನೆಲಕ್ಕೆ ಅಂಟಿಕೊಂಡಂತಿದೆ. ಅದಕ್ಕೆ ಹಾಟ್ ರಾಡ್ ಅನ್ನುತ್ತಾರೆಂದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಮೊಬೈಲಿನಲ್ಲಿ ವೀಡಿಯೊ ನೋಡಲು ಕಲಿತಾಗ. ಹಳೆಯ ಕಾರಿನಲ್ಲಿ ಬೇಡದ್ದನ್ನೆಲ್ಲ ಬಿಚ್ಚಿ ಬಿಸಾಡಿ, ಬೇರೆ ಬೇರೆ ಗಾಡಿಗಳ ಬಿಡಿ ಸಾಮಾನು ಕೂಡಿಸಿ, ಅದಕ್ಕಿಂತ ಗಟ್ಟಿ ಎಂಜಿನ್ನು ಕೂರಿಸುವುದು. ಅದರಲ್ಲೂ ಹಳೇ ಪದ್ಧತಿಯವರಿಗೆ ಒಂದು ನಿಯಮವಂತೆ, ಹೊಸ ಸಾಮಾನು ಮುಟ್ಟಬಾರದು. ಆ ನಿಯಮವನ್ನು ಇವರು ನನಗೆ ಊಟಕ್ಕೆ ಕೂತಾಗ ಎಷ್ಟು ಸಲ ವಿವರಿಸಿದ್ದಾರೋ.

ಆ ದಿನ ನಾನು ಸ್ಕೂಟರಿನಿಂದ ಇಳಿದು, ಇದೇನ್ರಿ ಎಂದು ಕೇಳಿದೆ.

"ಇನ್ನ ನನ್ನ ಕೈಲಿ ಎತ್ಲಿಕ್ಕಾಗಲ್ಲ. ದಿನಾ ನೋಡಿದ್ರ ಮನಸ್ಸು ಕೆಡ್ತದ. ಒಯ್ಯಲಿ ಬಿಡು," ಎಂದರು. ನನ್ನ ಮುಖ ನೋಡಲಿಲ್ಲ.

ಶೆಡ್ಡು ಖಾಲಿಯಾದರೆ ಅಲ್ಲಿ ಒಗೆಯುವ ಕಲ್ಲು ಹಾಕಿಸಬೇಕೆಂದು ಎಷ್ಟೋ ವರ್ಷ ಅಂದುಕೊಂಡವಳು ನಾನು. ಆದರೆ ಆ ಅಚ್ಚು ಟಂಟಂನ ತಗಡಿಗೆ ತಾಗಿ ಸದ್ದಾದಾಗ ಇವರು ಕಣ್ಣು ಮುಚ್ಚಿಕೊಂಡದ್ದನ್ನು ನೋಡಿದೆ. ನಾನು ಗುಜರಿಯವನಿಗೆ, ಅದನ್ನು ಇಳಿಸಪ್ಪ, ಇದು ಮಾರುವುದಲ್ಲ ಎಂದೆ. ಅವನು ಇವರ ಮುಖ ನೋಡಿದ, ಇವರು ನನ್ನ ಮುಖ ನೋಡಿದರು.

"ನೀವು ಎತ್ತಬ್ಯಾಡ್ರಿ. ಮೊದಲ ನಾ ಒಂದ್ಸಲ ಕಾರಿನ ಚಿತ್ರ ಬರ್ದು ನೋಡ್ತೀನಿ. ಬರ್ದ ಮ್ಯಾಲ ಕೂಡಲ್ಲ ಅಂದ್ರ ನಾನೇ ಅವನಿಗಿ ಫೋನ್ ಮಾಡ್ತೀನಿ," ಎಂದೆ.

ನಾನು ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಹೂಕುಂಡ, ತಂಬಿಗೆ, ಎತ್ತಿನ ಬಂಡಿ, ಗಣರಾಜ್ಯೋತ್ಸವದ ಬೋರ್ಡು ಇವಿಷ್ಟೇ ಬರೆದುಕೊಂಡು ಬಂದವಳು. ಕಾರು ಬರೆಯುತ್ತೇನೆಂದು ಯಾವ ಧೈರ್ಯದ ಮೇಲೆ ಹೇಳಿದೆನೋ ಗೊತ್ತಿಲ್ಲ. ಆದರೆ ನಮ್ಮ ಅಂಗಳ ನನ್ನ ಸಹಾಯಕ್ಕೆ ಬಂತು. ಅಂಗಳಕ್ಕೆಲ್ಲ ಶಹಾಬಾದಿನ ಫರಸಿ ಕಲ್ಲು ಹಾಸಿದೆ. ಒಂದೊಂದು ಕಲ್ಲೂ ಎರಡು ಅಡಿ ಚೌಕ. ನೀರು ಹೊಡೆದು ತೊಳೆದು ಒಣಗಿದ ಮೇಲೆ ನೋಡಿದರೆ ಯಾರೋ ದೊಡ್ಡ ಗ್ರಾಫ್ ಹಾಳೆ ಹಾಸಿಕೊಟ್ಟಂತಿತ್ತು. ಶಾಲೆಯಿಂದ ಬಣ್ಣದ ಸೀಮೆಸುಣ್ಣ ತಂದೆ. ಬಿಡಿ ಸಾಮಾನು ಹೊತ್ತು ತಂದು ಇಟ್ಟು ನೋಡುವಂತಿಲ್ಲವಲ್ಲ, ಅದಕ್ಕೆ ಕಿರಾಣಿ ಅಂಗಡಿಯಿಂದ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಗಳನ್ನು ತಂದು, ಶೆಡ್ಡಿನಲ್ಲಿದ್ದ ಒಂದೊಂದರ ಅಳತೆಗೂ ರಟ್ಟು ಕತ್ತರಿಸಿದೆ. ಎಂಜಿನ್ನಿಗೊಂದು ರಟ್ಟು, ಗೇರ್‌ಬಾಕ್ಸಿಗೊಂದು, ರೇಡಿಯೇಟರಿಗೊಂದು, ಸೀಟಿಗೊಂದು, ನಾಲ್ಕು ಚಕ್ರಗಳಿಗೆ ನಾಲ್ಕು. ಇಡೀ ಎಂಜಿನ್ನನ್ನು ಎರಡು ಬೆರಳಿನಲ್ಲಿ ಎತ್ತಿ ಅತ್ತಿತ್ತ ಇಡಬಹುದಾಗಿತ್ತು.

ಮೊದಲ ದಿನ ಇವರು ಕುರ್ಚಿಯ ಮೇಲೆ ಕೂತು ಕೇಳಿದ್ದಕ್ಕಷ್ಟೇ ಉತ್ತರ ಹೇಳಿದರು. ಅಚ್ಚಿನಿಂದ ಅಚ್ಚಿಗೆ ಎಷ್ಟು, ಎಂಜಿನ್ನಿನ ಮುಂದೆ ಫ್ಯಾನಿಗೆ ಎಷ್ಟು ಜಾಗ ಬೇಕು ಎಂದು ನಾನು ಕೇಳುವುದು, ಇವರು ಟೇಪು ಹಿಡಿಯದೆ ಬಾಯಿಂದಲೇ ಹೇಳುವುದು. ರೇಡಿಯೇಟರಿನ ರಟ್ಟನ್ನು ನಾನು ತಪ್ಪು ಕಡೆ ಇಟ್ಟಾಗ ತಾಳಲಾರದೆ ಎದ್ದು ಬಂದರು. ಸಂಜೆಯ ಹೊತ್ತಿಗೆ ಲುಂಗಿ ಮೇಲಕ್ಕೆ ಕಟ್ಟಿಕೊಂಡು ಮೊಣಕಾಲೂರಿ, ಕೆಂಪು ಸೀಮೆಸುಣ್ಣದಿಂದ ನನ್ನ ಗೆರೆಗಳನ್ನು ತಿದ್ದುತ್ತಿದ್ದರು. ಪಕ್ಕದ ಮನೆಯಾಕೆ ಗೇಟಿನಿಂದ ಇಣುಕಿ, ಮನೆಯಲ್ಲಿ ಏನು ಕಾರ್ಯ, ಇಷ್ಟು ದೊಡ್ಡ ರಂಗೋಲಿ ಹಾಕುತ್ತಿದ್ದೀರಲ್ಲ ಎಂದು ವಿಚಾರಿಸಿದಳು. ಇವರು ತಲೆ ಎತ್ತದೆ, ಕಾರ್ಯ ಇನ್ನೂ ಗೊತ್ತಾಗಿಲ್ಲರಿ, ಹೇಳಿ ಕಳಿಸ್ತೀವಿ ಎಂದರು. ಆಸ್ಪತ್ರೆಯಿಂದ ಬಂದ ಮೇಲೆ ಇವರು ತಮಾಷೆ ಮಾಡಿದ್ದು ಅದೇ ಮೊದಲು.

ಬರೆಯುತ್ತ ಹೋದಂತೆ ಒಂದು ಕೊರತೆ ಗೊತ್ತಾಯಿತು. ಇವರ ಹತ್ತಿರ ಎಲ್ಲ ಇತ್ತು, ಕಾರೇ ಇರಲಿಲ್ಲ. ಅಂದರೆ ಜನ ಕೂರುವ ಡಬ್ಬಿ, ಬಾಡಿ. ಜೀಪಿನ ತಗಡು ಎಂದೋ ತುಕ್ಕು ಹಿಡಿದು ಹೋಗಿತ್ತು. ಹಳೆಯ ಕಾಲದ, ಬೆನ್ನು ದುಂಡಗಿರುವ ಕಾರಿನ ಬಾಡಿಯೇ ಆಗಬೇಕು, ಅದನ್ನು ಎಲ್ಲಿ ಹುಡುಕುವುದು ಎಂದು ಇವರು ಸೀಮೆಸುಣ್ಣ ಕೆಳಗಿಟ್ಟರು. ನನಗೆ ಆಗ ನಮ್ಮ ಕಾಕಿಯ ಕೋಳಿ ನೆನಪಾದವು.

ನನ್ನ ತವರು ಚಿಂಚೋಳಿಯ ಕಡೆಗೆ, ತೆಲಂಗಾಣದ ಗಡಿಗೆ ಹತ್ತಿರದ ಹಳ್ಳಿ. ಅಲ್ಲಿ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಚಿಂಚೋಳಿಯ ಡಾಕ್ಟರೊಬ್ಬರಿಂದ ಕೆಟ್ಟು ನಿಂತ ಕಾರೊಂದನ್ನು ಎತ್ತು ಕಟ್ಟಿ ಎಳೆಸಿಕೊಂಡು ಬಂದಿದ್ದ. ರಿಪೇರಿ ಮಾಡಿಸುತ್ತೇನೆಂದು ಹೇಳುತ್ತಿದ್ದವನು ಜ್ವರ ಬಂದು ತೀರಿಕೊಂಡ. ಕಾರು ಹುಣಸೆ ಮರದ ಕೆಳಗೆ ಉಳಿಯಿತು. ಟೈರು ಹೋದವು, ಎಂಜಿನ್ನನ್ನು ಯಾರೋ ನೀರೆತ್ತುವುದಕ್ಕೆ ಒಯ್ದರು. ಉಳಿದ ಬಾಡಿಯೊಳಗೆ ಅವನ ಹೆಂಡತಿ, ನಮ್ಮ ಕಾಕಿ, ಕೋಳಿ ಸಾಕಿದಳು. ಸಣ್ಣವಳಿದ್ದಾಗ ನಾನು ಅದರ ಮುಂದಿನ ಸೀಟಿನಲ್ಲಿ ಕೂತು, ಹಿಂದಿನ ಸೀಟಿನ ಕೋಳಿಗಳನ್ನು ಕಲಬುರಗಿಗೆ ಕರೆದೊಯ್ಯುತ್ತಿದ್ದೆ.

ಇಬ್ಬರೂ ಸೇಡಂ ದಾಟಿ ಬಸ್ಸು ಬದಲಿಸಿ ಹೋದೆವು. ಕಾಕಿಯ ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಕಾಕಿ ಅಂಗಳದಲ್ಲಿ ತೊಗರಿ ಬೀಸುತ್ತಿದ್ದಳು. ಅಳಿಯಂದಿರು ಬಂದರೆಂದು ತಲೆಗೆ ಸೆರಗು ಎಳೆದುಕೊಂಡು, ಚಾಪೆ ಹಾಕಿ, ಚಹಾ ಕೊಟ್ಟು, ಊಟಕ್ಕೆ ರೊಟ್ಟಿ ಬಡಿದಳು. ಊಟವಾದ ಮೇಲೆ ನಾನು ವಿಷಯ ತೆಗೆದೆ. ಇವರು ಆ ಹೊತ್ತಿಗೆ ಹುಣಸೆ ಮರದ ಕೆಳಗೆ ಹೋಗಿ ಕಾರಿನ ಬೆನ್ನು ಸವರುತ್ತ ನಿಂತಿದ್ದರು. ಮೇಲೆಲ್ಲ ಹಿಕ್ಕೆ ಮೆತ್ತಿಕೊಂಡಿದ್ದರೂ ತಗಡು ಗಟ್ಟಿಯಾಗಿಯೇ ಇತ್ತು.

ಕಾಕಿ ಎಲ್ಲ ಕೇಳಿಸಿಕೊಂಡು, ಕಾರು ಒಯ್ದರೆ ನನ್ನ ಕೋಳಿಗಳು ಎಲ್ಲಿಗೆ ಹೋಗಬೇಕು ಎಂದಳು. ಫರಸಿ ಕಲ್ಲಿನ ಗೂಡು ಕಟ್ಟಿಸಿಕೊಡುತ್ತೇವೆ, ಮುಂಗುಸಿ ಸಹ ಒಳಗೆ ಬರದಂಥದು ಎಂದು ಇವರು ಅಲ್ಲಿಂದಲೇ ಹೇಳಿದರು. ಅವಳು ಒಪ್ಪಿದಳು. ಆಮೇಲೆ ಕಾರನ್ನು ಏನು ಮಾಡುತ್ತೀರಿ ಎಂದು ಕೇಳಿದಳು. ನಾನು ಚೀಲದಿಂದ ಹಾಳೆ ತೆಗೆದು ಅಲ್ಲೇ ಬರೆದು ತೋರಿಸಿದೆ. ಚಾವಣಿಯ ಕಂಬಗಳನ್ನು ನಾಲ್ಕು ಬೆರಳು ಕತ್ತರಿಸಿ ತಗ್ಗು ಮಾಡುವುದು, ಹಿಂದಿನ ಸೀಟು ತೆಗೆದುಹಾಕುವುದು. ಕಾಕಿ ಬಹಳ ಹೊತ್ತು ಆ ಚಿತ್ರ ನೋಡಿದಳು.

"ಹಿಂದಿನ ಸೀಟು ಇರ್ಲಿ ತಂಗಿ," ಎಂದಳು. "ನಿಮ್ ಕಾಕಾ ನನಗ ಅದರಾಗ ಕುಂದ್ರಿಸಿ ಚಿಂಚೋಳಿ ಸಂತಿಗಿ ಒಯ್ತೀನಿ ಅಂದಿದ್ರು. ನಾ ಒಂದಿನಾನೂ ಕುಂತಿಲ್ಲ. ಆಮ್ಯಾಲ ಕೋಳಿ ಕುಂತವು. ನೀವು ಓಡಿಸಿದ್ರ ನಾ ಕುಂದ್ರಬೇಕು. ಮಾಳಿಗಿನೂ ಕತ್ತರಸಬ್ಯಾಡ್ರಿ, ನನ್ನ ತಲಿ ತಾಕ್ತದ."

ಹಿಂತಿರುಗುವ ಬಸ್ಸಿನಲ್ಲಿ ಇವರು ಕಿಟಕಿಯ ಪಕ್ಕ ಕೂತು ನಾನು ಬರೆದ ಹಾಳೆಯನ್ನೇ ಬಿಡಿಸಿ ನೋಡುತ್ತಿದ್ದರು. ತಗ್ಗು ಚಾವಣಿ ಇವರಿಗೆ ಎಷ್ಟು ಇಷ್ಟವೆಂದು ನನಗೆ ಗೊತ್ತಿತ್ತು. ಆ ಹಳೆಯ ಪತ್ರಿಕೆಯ ಚಿತ್ರದಲ್ಲಿ ಇವರ ಕಣ್ಣು ಸೆಳೆದದ್ದೇ ಅದು. ಸೇಡಂ ಬಂದಾಗ ಇವರೇ, "ಕಾಕಿ ಹೇಳಿದ್ದು ಖರೆ ಅದ. ಮನಿಗಿ ಹೋಗಿ ಅದನ್ನ ಒರಸಿ ಬಿಡು," ಎಂದರು. ಮನೆಗೆ ಬಂದು, ಪಕ್ಕದಲ್ಲಿ ಬರೆದಿದ್ದ ಬದಿನೋಟದ ಚಿತ್ರದಲ್ಲಿ ಚಾವಣಿಯ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಎತ್ತರಕ್ಕೆ ಬರೆದೆ.

ನಿಜವಾದ ತೊಡಕು ಬಂದದ್ದು ಆಮೇಲೆ. ಕಾಕಿಯ ಕಾರಿನ ಅಳತೆ ತಂದಿದ್ದೆನಲ್ಲ, ಅದನ್ನು ನೆಲದ ಮೇಲೆ ಬರೆದರೆ ಜೀಪಿನ ಚಾಸಿ ಗಿಡ್ಡವಾಯಿತು. ಹಿಂದಿನ ಸೀಟು ತೆಗೆದಿದ್ದರೆ ಬಾಡಿಯನ್ನೇ ಕತ್ತರಿಸಿ ಹೊಂದಿಸಬಹುದಾಗಿತ್ತು. ಈಗ ಅದಾಗದು. ರಟ್ಟುಗಳನ್ನು ಹೇಗೆ ಸರಿಸಿದರೂ ಒಂದೋ ಎಂಜಿನ್ನು ಸ್ಟೇರಿಂಗ್ ಹಿಡಿದವರ ತೊಡೆಯ ಮೇಲೆ ಬರುತ್ತಿತ್ತು, ಇಲ್ಲವೇ ಕಾಕಿಯ ಸೀಟು ಹಿಂದಿನ ಅಚ್ಚನ್ನು ದಾಟಿ ಗಾಳಿಯಲ್ಲಿ ತೂಗುತ್ತಿತ್ತು. ಚಾಸಿಯನ್ನು ನಡುವೆ ಕತ್ತರಿಸಿ ತುಂಡು ಸೇರಿಸಿದರೆ ಆಗದೇ ಎಂದೆ. ಇವರು ಒಪ್ಪಲೇ ಇಲ್ಲ. ಒಬ್ಬರೇ ಕೂರುವುದಾಗಿದ್ದರೆ ನೋಡಬಹುದಿತ್ತು, ವಯಸ್ಸಾದವರು ಹಿಂದೆ ಕೂತಿರುವಾಗ ಬೆಸುಗೆ ಬಿಟ್ಟರೆ ಏನು ಗತಿ ಎಂದರು. ಅಂಗಳದ ಕಾರು ಕೆಲವು ದಿನ ಹಾಗೆಯೇ ಬಿದ್ದಿತ್ತು. ನಾವು ಅದನ್ನು ತುಳಿಯದೆ ಬದಿಯಿಂದ ಓಡಾಡುತ್ತಿದ್ದೆವು. ಒಂದು ದಿನ ಮಳೆ ಬಂದು ಅರ್ಧ ಗೆರೆ ತೊಳೆದುಕೊಂಡು ಹೋಯಿತು. 

ಕಾರು ಆಗಲಿ ಬಿಡಲಿ, ಕೋಳಿ ಗೂಡಿನ ಮಾತು ಕೊಟ್ಟಾಗಿತ್ತು. ಶಹಾಬಾದಿನಲ್ಲಿ ಇವರ ಹಳೆಯ ಗೆಳೆಯರೊಬ್ಬರಿದ್ದಾರೆ, ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಅವರದು ಫರಸಿ ಕತ್ತರಿಸಿ ಪಾಲಿಶ್ ಮಾಡುವ ಯಾರ್ಡು. ನನ್ನನ್ನು ಭಾಬಿ ಎನ್ನುತ್ತಾರೆ, ನಾನು ಅವರಿಗೆ ಭಾಯಿ ಎನ್ನುತ್ತೇನೆ. ಒಂದು ಭಾನುವಾರ ಕಲ್ಲು ಕೇಳಲು ಹೋದೆವು. ಯಾರ್ಡಿನಲ್ಲಿ ಎಲ್ಲದರ ಮೇಲೂ ಬಿಳಿ ಹುಡಿ, ಮರದ ಎಲೆಗಳ ಮೇಲೆ ಸಹ. ಮಷಿನಿನ ಸದ್ದಿನಿಂದ ದೂರ ಹೋಗಿ, ಕಲ್ಲು ಸಾಗಿಸುವ ತಳ್ಳುಬಂಡಿಯ ಅಂಚಿನ ಮೇಲೆ ಕೂತು ಚಹಾ ಕುಡಿದೆವು. ಎಷ್ಟೋ ವರ್ಷದಿಂದ ನಾವು ಹೋದಾಗಲೆಲ್ಲ ಕೂರುವ ಜಾಗ ಅದೇ.

ಭಾಯಿ ಕಾರಿನ ಕಥೆ ಕೇಳಿ ಮರುಗಿದರು. ಅವರೂ ಇವರೂ ಮಾತಾಡುತ್ತಿರುವಾಗ ನಾನು ಸುಮ್ಮನೆ ಕಾಲು ಆಡಿಸುತ್ತಿದ್ದೆ. ಕಾಲು ಬಂಡಿಯ ಕೆಳಗಿನ ಕಬ್ಬಿಣಕ್ಕೆ ತಾಗಿತು. ಬಗ್ಗಿ ನೋಡಿದೆ. ಮೇಲೆ ಹಲಗೆ ಹೊಡೆದಿದ್ದರಿಂದ ಗೊತ್ತಾಗುತ್ತಿರಲಿಲ್ಲ, ಅದು ಯಾವುದೋ ಸಣ್ಣ ಸರಕಿನ ಗಾಡಿಯ ಪೂರಾ ಚಾಸಿ. ಎರಡೂ ಬದಿಯ ಉದ್ದನೆಯ ತೊಲೆಗಳು ನೆಟ್ಟಗೆ, ಎಲ್ಲೂ ಬಾಗಿರಲಿಲ್ಲ. ಚೀಲದಲ್ಲಿ ಟೇಪು ಇದ್ದೇ ಇತ್ತು, ಆ ತಿಂಗಳೆಲ್ಲ ಅದು ನನ್ನ ಚೀಲದಲ್ಲೇ ಇರುತ್ತಿತ್ತು. ಅಳೆದೆ. ಇನ್ನೊಮ್ಮೆ ಅಳೆದೆ. ಆಮೇಲೆ ಇವರ ತೋಳು ಹಿಡಿದು, ಏಳ್ರಿ ಸ್ವಲ್ಪ, ನಿಮ್ಮ ಕಾರಿನ ಮೇಲೆ ಕೂತಿದ್ದೀರಿ ಎಂದೆ.

ಇವರು ಚಹಾದ ಲೋಟ ಕೈಯಲ್ಲಿ ಹಿಡಿದುಕೊಂಡೇ ಬಂಡಿಯ ಸುತ್ತ ತಿರುಗಿದರು. ಕೆಳಗೆ ಕೂತು ನೋಡಿದರು, ಬೆರಳಿನಿಂದ ಬಡಿದು ಸದ್ದು ಕೇಳಿದರು. ಎದ್ದು ಗೆಳೆಯನ ಕಡೆ ನೋಡಿದರು. ಭಾಯಿಯೇ, "ಒಯ್ಯೋ. ಆದ್ರ ನನ್ನ ಕಲ್ಲು ತಲಿ ಮ್ಯಾಲ ಹೊರ್ಲಿ ಏನು?" ಎಂದು ಕೇಳಿದರು. ಇವರು ಆಗ ನಮ್ಮ ಜೀಪಿನ ಚಾಸಿಯನ್ನು ತಳ್ಳುಬಂಡಿ ಮಾಡಿಕೊಡುತ್ತೇನೆ ಎಂದರು. ಕಲ್ಲು ಸಾಗಿಸಲು ಗಿಡ್ಡವಿದ್ದರೇ ಚೆಂದ, ತಿರುಗಿಸುವುದು ಸುಲಭ ಎಂದು ಭಾಯಿ ಒಪ್ಪಿದರು. ಅಷ್ಟೇ ಅಲ್ಲ, ಕಾರು ಕಟ್ಟುವ ಕೆಲಸ ಯಾರ್ಡಿನಲ್ಲೇ ಆಗಲಿ, ಕಲ್ಲು ಎತ್ತುವ ಚೈನ್ ಪುಲ್ಲಿ ಇದೆ, ನೀನು ಕುರ್ಚಿಯ ಮೇಲೆ ಕೂತು ಹೇಳು, ನಮ್ಮ ಹುಡುಗರು ಎತ್ತುತ್ತಾರೆ ಎಂದರು. ಅಂಗಳದ ನಕ್ಷೆಯನ್ನು ನಾನು ಯಾರ್ಡಿನ ಶೆಡ್ಡಿನೊಳಗೆ, ಮಳೆ ಬಾರದ ಕಡೆ, ಹೊಸದಾಗಿ ಬರೆದೆ.

ಕಾಕಿಯ ಅಂಗಳದಲ್ಲಿ ಕೋಳಿ ಗೂಡು ಎದ್ದಿತು. ಆದರೆ ಕಾರು ತರಲು ಟ್ರ್ಯಾಕ್ಟರ್ ಒಯ್ದ ದಿನ ಕಾಕಿ ಬಾಗಿಲಲ್ಲೇ ತಡೆದಳು. ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವು ಕೂತಿತ್ತು. ಮರಿಯಾಗುವ ತನಕ ಅದನ್ನು ಅಲುಗಾಡಿಸುವಂತಿಲ್ಲ. ಬಾಡಿಗೆ ಟ್ರ್ಯಾಕ್ಟರಿನವನು ಗೊಣಗಿದ. ಇವರು ಮಾತ್ರ, ಇಷ್ಟು ವರ್ಷ ಕಾದವರಿಗೆ ಇದೇನು ಎಂದು, ಕಾಕಿ ಕೊಟ್ಟ ಹುಣಸೆಹಣ್ಣನ್ನು ಗಂಟು ಕಟ್ಟಿಕೊಂಡು ಮರಳಿದರು. ಮರಿಗಳು ಹೊರಬಂದ ಸುದ್ದಿಯನ್ನು ಕಾಕಿ ಫೋನಿನಲ್ಲಿ ಹೇಳಿದಾಗ ನಮ್ಮ ಮನೆಯಲ್ಲಿ ಮೊಮ್ಮಗು ಹುಟ್ಟಿದ ಸುದ್ದಿ ಬಂದಂತೆ ಇವರು ಸಂಭ್ರಮಪಟ್ಟರು, ಮತ್ತೆ ಟ್ರ್ಯಾಕ್ಟರ್ ಒಯ್ದು ಬಾಡಿಯನ್ನು ಯಾರ್ಡಿಗೆ ತಂದರು.

ಆ ಬೇಸಿಗೆ ರಜೆಯೆಲ್ಲ ನಾವು ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಶಹಾಬಾದಿಗೆ ಹೋದೆವು. ಇಂಥ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲವೆಂದು ಇವರಿಗೆ ಮೊದಲಿನಿಂದಲೂ ಗೊತ್ತಿತ್ತು. ಒಂದು ಗಾಡಿಯ ಎಂಜಿನ್ನು, ಇನ್ನೊಂದರ ಚಾಸಿ, ಮೂರನೆಯದರ ಬಾಡಿ, ಇದಕ್ಕೆ ಯಾರು ಕಾಗದ ಕೊಡುತ್ತಾರೆ? ಯಾರ್ಡಿನ ಹಿಂದೆ ಭಾಯಿಯದೇ ಹಳೆಯ ಖಣಿ ಇದೆ, ಕಲ್ಲು ತೆಗೆದು ಬಿಟ್ಟದ್ದು, ಅದರ ಸುತ್ತ ಅಗಲವಾದ ದಾರಿ. ಅಷ್ಟು ಸಾಕು ಎಂದರು. ಸ್ಟೇರಿಂಗು ಬಿಗಿ, ಇವರ ಎದೆಗೆ ಅದು ಆಗದು ಎಂದು ಓಡಿಸುವ ಕೆಲಸ ನನ್ನ ಪಾಲಿಗೆ ಬಂತು. ಭಾಯಿಯ ಗಾಡಿಯಲ್ಲಿ ಆ ದಾರಿಯ ಮೇಲೆಯೇ ನಾನು ಕ್ಲಚ್ಚು ಗೇರು ಕಲಿತೆ.

ಪುಲ್ಲಿಯಿಂದ ಬಾಡಿಯನ್ನು ಚಾಸಿಯ ಮೇಲೆ ಇಳಿಸಿದ ದಿನ ಇವರು ಕುರ್ಚಿ ಬಿಟ್ಟು ನಿಂತಿದ್ದರು. ನೆಲದ ಗೆರೆಗೂ ಕಬ್ಬಿಣಕ್ಕೂ ಒಂದು ಕಡೆ ಮಾತ್ರ ಹೊಂದಲಿಲ್ಲ, ಎಡಗಡೆ ಹಿಂದಿನ ಚಕ್ರ ತಗಡಿಗೆ ತಾಗುತ್ತಿತ್ತು. ಹುಡುಗರು ತಗಡನ್ನು ಬಡಿದು ಮಡಚಿದರು. ಎಂಜಿನ್ನಿನ ಮೇಲೆ ಬಾನೆಟ್ಟು ಹಾಕಲಿಲ್ಲ. ಇವರು ಬಯಸಿದ್ದರಲ್ಲಿ ಅದೊಂದು ಪೂರಾ ಉಳಿಯಿತು.

ಕಾಕಿ ಬಂದದ್ದು ಜೂನ್ ತಿಂಗಳಲ್ಲಿ, ಮೊಳಕಾಲ್ಮೂರು ಸೀರೆ ಉಟ್ಟುಕೊಂಡು, ಮಗನ ಜೊತೆ. ನಾನು ಸ್ಟೇರಿಂಗ್ ಹಿಡಿದೆ, ಇವರು ಪಕ್ಕದಲ್ಲಿ, ಅವಳು ಹಿಂದೆ. ಎಂಜಿನ್ನು ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಸದ್ದು ಎಷ್ಟೆಂದರೆ ಯಾರ್ಡಿನಲ್ಲಿ ಎಲ್ಲರೂ ಕೆಲಸ ನಿಲ್ಲಿಸಿದರು. ಖಣಿಯ ಸುತ್ತಿನ ದಾರಿಯಲ್ಲಿ ನಿಧಾನಕ್ಕೆ ಹೊರಟೆ. ಎರಡನೆಯ ಗೇರಿಗೆ ಹಾಕಿದಾಗ ಇವರು ನನ್ನ ಕೈಯ ಮೇಲೆ ಕೈ ಇಟ್ಟರು, ಗೇರು ಸರಿಯಾಗಿ ಬಿದ್ದಿತ್ತು, ಸುಮ್ಮನೆ ಇಟ್ಟರು. ಕನ್ನಡಿಯಲ್ಲಿ ಕಾಕಿಯನ್ನು ನೋಡಿದೆ. ಎರಡೂ ಅಂಗೈಯನ್ನು ಸೀಟಿನ ಮೇಲೆ ಊರಿ, ನೆಟ್ಟಗೆ ಕೂತು ಖಣಿಯ ನೀರು ನೋಡುತ್ತಿದ್ದಳು. ಕಣ್ಣು ಒದ್ದೆಯಾಗಿದ್ದವು, ಬಾಯಿ ನಗುತ್ತಿತ್ತು. ಒಂದು ಸುತ್ತು ಮುಗಿದಾಗ ನಿಲ್ಲಿಸಲೇ ಎಂದು ಕೂಗಿ ಕೇಳಿದೆ. ಇನ್ನೊಂದು ಸುತ್ತು ಎಂದು ಕೈಯಿಂದ ತೋರಿಸಿದಳು.

ಇಳಿಯುವಾಗ ಅವಳಿಗೆ ಕಾಲು ನೆಲಕ್ಕೆ ಎಟುಕಲಿಲ್ಲ. ಮಗ ಹಿಡಿದು ಇಳಿಸಿದ. ಸೀರೆಯ ನಿರಿಗೆ ಸರಿಮಾಡಿಕೊಂಡು, "ಎಲ್ಲಾ ಛಲೋ ಮಾಡೀರಿ ಅಳಿಯಾ. ಇಲ್ಲೊಂದು ಮೆಟ್ಟಲ ಹಾಕ್ರಿ," ಎಂದಳು.

ಇವರು ಅಲ್ಲೇ ಕೆಳಗೆ ಕೂತು ಬಾಗಿಲ ಕೆಳಗೆ ಗೇಣು ಹಾಕಿ ಅಳೆಯತೊಡಗಿದರು. ಭಾಯಿ, ಒಂದು ಫರಸಿ ತುಂಡು ಕೂರಿಸಿಬಿಡೋಣ ಎಂದರು. ಕಲ್ಲು ಭಾರ, ಹಳೆಯ ಜೀಪಿನ ಮೆಟ್ಟಿಲು ಎಲ್ಲಾದರೂ ಸಿಕ್ಕೀತು, ಸೇಡಂನಲ್ಲಿ ವಿಚಾರಿಸುತ್ತೇನೆ ಎಂದು ಇವರು ಹಟ ಹಿಡಿದರು. ಇಬ್ಬರ ವಾದ ನಡೆದಿರುವಾಗ ನಾನು ಕಾಕಿಯನ್ನು ನೆರಳಿಗೆ ಕರೆದುಕೊಂಡು ಹೋಗಿ ನೀರು ಕೊಟ್ಟೆ. ಬಿಗಿ ಸ್ಟೇರಿಂಗ್ ಹಿಡಿದು ನನ್ನ ಅಂಗೈ ಕೆಂಪಾಗಿತ್ತು. ಅವಳು ಅದನ್ನು ನೋಡಿ, ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಳು.